ರಾ ಸಾಕೋ, ಎಲಿಮೆಂಟ್ ಬೇಕೋ: ಮಾನ್‌ಸ್ಟರ್ ಹಂಟರ್‌ನ ಹಳೇ ತಕರಾರು

2020ರ ಜುಲೈನಲ್ಲಿ ಕ್ಯಾಪ್‌ಕಾಮ್ ಕಂಪನಿ ‘ಮಾನ್‌ಸ್ಟರ್ ಹಂಟರ್ ವರ್ಲ್ಡ್: ಐಸ್‌ಬೋರ್ನ್’ ಎಂಬ, ದೈತ್ಯ ಪ್ರಾಣಿಗಳನ್ನು ಬೇಟೆಯಾಡುವ ವಿಡಿಯೋ ಗೇಮ್‌ಗೆ ಅಲಾಟ್ರಿಯನ್ ಎಂಬ ಡ್ರ್ಯಾಗನ್ನನ್ನು ಇಳಿಸಿತು. ಅಲ್ಲಿಯವರೆಗೆ ಒಂದೇ ಕತ್ತಿ ಹಿಡಿದು ಆಟವನ್ನೆಲ್ಲ ಮುಗಿಸಿದ್ದವರೂ ಅದರ ಮುಂದೆ ಸಾಲುಸಾಲಾಗಿ ಮಕಾಡೆ ಬಿದ್ದರು. ಕೈ ಚಳಕದಲ್ಲಿ ಕೊರತೆಯಿರಲಿಲ್ಲ, ಹಿಡಿದ ಆಯುಧದಲ್ಲಿ ಬೆಂಕಿ, ನೀರು, ಮಿಂಚು, ಹಿಮ ಯಾವುದೂ ಇರಲಿಲ್ಲ. ಅವರನ್ನು ಎರಡೂವರೆ ವರ್ಷ ಹಾಗೆಯೇ ಆಡಲು ಬಿಟ್ಟಿದ್ದೂ, ಹೆಚ್ಚುಕಡಿಮೆ ಹಾಗೇ ಆಡಿ ಎಂದು ಹೇಳಿಕೊಟ್ಟಿದ್ದೂ ಅದೇ ಆಟ.

ಸರಣಿ ಶುರುವಾದದ್ದು 2004ರಲ್ಲಿ, ಪ್ಲೇಸ್ಟೇಷನ್ 2ರ ಮೇಲೆ. ಆಯುಧದ ಬರೀ ಬಲ ಅಂದರೆ ‘ರಾ’ ಒಂದು ಕಡೆ, ಅದಕ್ಕೆ ಅಂಟಿದ ಬೆಂಕಿ, ನೀರಿನಂಥ ಗುಣ ಅಂದರೆ ‘ಎಲಿಮೆಂಟ್’ ಇನ್ನೊಂದು ಕಡೆ. ಎರಡರ ಪೆಟ್ಟನ್ನೂ ಆಟ ಬೇರೆಬೇರೆಯಾಗಿ ಲೆಕ್ಕ ಹಾಕಿ ಕೊನೆಗೆ ಕೂಡಿಸುತ್ತದೆ. ತಕರಾರಿನ ಮೂಲ ಇರುವುದು ಈ ಲೆಕ್ಕದಲ್ಲೇ.

‘ವರ್ಲ್ಡ್’ನಲ್ಲಿ ಪರದೆಯ ಮೇಲೆ ಕಾಣುವ ಅಟ್ಯಾಕ್ ಅಂಕಿ ಉಬ್ಬಿಸಿದ್ದು. ಗ್ರೇಟ್ ಸ್ವೋರ್ಡ್ (ಭಾರದ ದೊಡ್ಡ ಕತ್ತಿ) 960 ಎಂದು ತೋರಿಸಿದರೆ 4.8ರಿಂದ ಭಾಗಿಸಬೇಕು, ಡ್ಯುಯಲ್ ಬ್ಲೇಡ್ಸ್ (ಜೋಡಿ ಕತ್ತಿ) 280 ಎಂದರೆ 1.4ರಿಂದ. ಎರಡಕ್ಕೂ ಬರುವ ಉತ್ತರ 200. ಎಲಿಮೆಂಟ್ 300 ಎಂದಿದ್ದರೆ ಅಸಲಿ ಬೆಲೆ 30. ರಾ ಪೆಟ್ಟು ಬೇಕಾದರೆ ಈ 200ನ್ನು ಆ ಏಟಿನ ಮೋಷನ್ ವ್ಯಾಲ್ಯೂ (ಏಟಿನ ಜೋರು, ನೂರಕ್ಕೆ ಇಷ್ಟು ಎಂಬ ಲೆಕ್ಕದಲ್ಲಿ), ಹರಿತದ ಗುಣಕ ಮತ್ತು ಏಟು ಬಿದ್ದ ಭಾಗದ ಹಿಟ್‌ಝೋನ್‌ನಿಂದ (ಆ ಭಾಗಕ್ಕೆ ಪೆಟ್ಟು ನೂರಕ್ಕೆ ಎಷ್ಟು ತಾಗುತ್ತದೆ ಎಂಬ ಅಂಕಿ) ಗುಣಿಸಬೇಕು. ಎಲಿಮೆಂಟ್‌ಗೂ ಹರಿತ, ಹಿಟ್‌ಝೋನ್ ಎರಡೂ ಉಂಟು. ಮೋಷನ್ ವ್ಯಾಲ್ಯೂ ಮಾತ್ರ ಇಲ್ಲ. ಬೋ (ಬಿಲ್ಲು) ಮುಂತಾದವುಗಳ ಕೆಲವು ಏಟುಗಳಿಗೆ ಪ್ರತ್ಯೇಕ ಗುಣಕಗಳಿವೆ, ಅವನ್ನು ಸದ್ಯ ಬದಿಗಿಡೋಣ.

ಅಂಕಿ ಹಾಕಿ ನೋಡಿ. ಹರಿತವನ್ನು ಆಟ ಬಣ್ಣದಲ್ಲಿ ತೋರಿಸುತ್ತದೆ; ನೀಲಿ ಹರಿತಕ್ಕೆ ರಾ ಗುಣಕ 1.2, ಎಲಿಮೆಂಟ್ ಗುಣಕ 1.0625. ಪ್ರಾಣಿಯ ರಾ ಹಿಟ್‌ಝೋನ್ 50, ಎಲಿಮೆಂಟ್‌ನದು 25 ಎಂದಿಟ್ಟುಕೊಳ್ಳಿ. ಗ್ರೇಟ್ ಸ್ವೋರ್ಡ್‌ನ 100 ಮೋಷನ್ ವ್ಯಾಲ್ಯೂ ಏಟಿಗೆ ರಾ 120, ಎಲಿಮೆಂಟ್ 8. ಡ್ಯುಯಲ್ ಬ್ಲೇಡ್ಸ್‌ನ 15ರ ಏಟಿಗೆ ರಾ 18, ಎಲಿಮೆಂಟ್ ಅದೇ 8. ಗ್ರೇಟ್ ಸ್ವೋರ್ಡ್ ಎತ್ತಿ ಬೀಸುವಷ್ಟರಲ್ಲಿ ಜೋಡಿ ಕತ್ತಿ ಹತ್ತು ಸಲ ತಗಲಿರುತ್ತದೆ. ಹನಿ ಹನಿ ಕೂಡಿದರೆ ಹಳ್ಳ.

2018ರ ಜನವರಿಯಲ್ಲಿ ‘ವರ್ಲ್ಡ್’ ಬಂದಾಗ ತಕ್ಕಡಿ ರಾ ಕಡೆಗೆ ವಾಲಿತು. ಎಲಿಮೆಂಟ್ ಇಲ್ಲದ ಆಯುಧಕ್ಕೆ 10% ಹೆಚ್ಚು ರಾ ಕೊಡುವ ‘ನಾನ್-ಎಲಿಮೆಂಟಲ್ ಬೂಸ್ಟ್’ ಎಂಬ ಸ್ಕಿಲ್ (ಕವಚದಂಥವುಗಳಿಂದ ಸಿಗುವ ಹೆಚ್ಚುವರಿ ಶಕ್ತಿ) ಬಂತು. ಎಲಿಮೆಂಟ್ ಒಳಗೇ ಅಡಗಿದ್ದು ಬೂದು ಬಣ್ಣದಲ್ಲಿ ಕಾಣುವ ಆಯುಧಗಳಿಗೂ ಇದು ಸಲ್ಲುತ್ತಿತ್ತು. ಜೊತೆಗೆ ಸ್ಕಿಲ್‌ಗಳಿಂದ ಎಲಿಮೆಂಟನ್ನು ಎಷ್ಟು ಏರಿಸಬಹುದು ಎಂಬುದಕ್ಕೆ ಮಿತಿ ಬೇರೆ. ಕ್ರಿಟಿಕಲ್ ಏಟು (ಅದೃಷ್ಟಕ್ಕೆ ಆಗಾಗ ಬೀಳುವ ಜೋರು ಏಟು) ಬಿದ್ದರೆ ರಾ 1.25 ಪಟ್ಟು, ಕ್ರಿಟಿಕಲ್ ಬೂಸ್ಟ್ ಸ್ಕಿಲ್ ಮೂರನೇ ಹಂತದಲ್ಲಿದ್ದರೆ 1.4 ಪಟ್ಟು. ಎಲಿಮೆಂಟ್ ಮಾತ್ರ ಕದಲುವುದಿಲ್ಲ. ಅದನ್ನು ಕದಲಿಸುವ ಕ್ರಿಟಿಕಲ್ ಎಲಿಮೆಂಟ್ ಸ್ಕಿಲ್ ಬೇಕಿದ್ದರೆ ರಥಾಲೋಸ್ ಎಂಬ ಪ್ರಾಣಿಯಿಂದ ಮಾಡಿದ ಕವಚದ 3 ತುಂಡು ತೊಡಬೇಕಿತ್ತು.

ಎಲಿಮೆಂಟ್ ಇರುವ ಆಯುಧದ ರಾ ಸಾಮಾನ್ಯವಾಗಿ ಕಡಿಮೆ. 200ರ ಬದಲು 170 ಎಂದು ಹಿಡಿದರೆ ಗ್ರೇಟ್ ಸ್ವೋರ್ಡ್ ಪೆಟ್ಟು 110, ಬೂಸ್ಟ್ ಹಾಕಿದ ಬರೀ ರಾ ಕತ್ತಿಯದು 132. ಇಲ್ಲಿ ವಾದಕ್ಕೆ ಜಾಗವೇ ಇಲ್ಲ. ಆದರೆ ಜೋಡಿ ಕತ್ತಿಯಲ್ಲಿ ಎಲಿಮೆಂಟ್‌ಗೆ 23.3, ಬರೀ ರಾಗೆ 19.8. ಅಂದರೆ ‘ವರ್ಲ್ಡ್’ನಲ್ಲಿ ಎಲಿಮೆಂಟ್ ದಂಡ ಎಂಬ ಮಾತು ಭಾರದ ಆಯುಧಗಳಿಗಷ್ಟೇ ನಿಜವಾಗಿತ್ತು. ಅದನ್ನು ಹದಿನಾಲ್ಕು ಬಗೆಯ ಆಯುಧಕ್ಕೂ ಹಚ್ಚಿದ್ದು ಆಟಗಾರರ ಸೋಮಾರಿತನ. ಒಂದು ಕತ್ತಿ ಮಾಡಿದರೆ ಸಾಕು ಎಂದರೆ ಯಾರು ಬೇಡ ಅಂತಾರೆ?

ಸೋಮಾರಿತನಕ್ಕೆ ಕಾರಣವೂ ಇತ್ತು. ಎಲಿಮೆಂಟ್ ತಪ್ಪಿದರೆ ನಷ್ಟ ದೊಡ್ಡದು. ಹಿಟ್‌ಝೋನ್ 25ರಿಂದ 5ಕ್ಕೆ ಇಳಿದರೆ ಮೇಲಿನ 23.3 ಇಳಿದು 16.9 ಆಗುತ್ತದೆ, ಬರೀ ರಾ ಗೆಲ್ಲುತ್ತದೆ. ಟಿಯೊಸ್ಟ್ರಾ ಎಂಬ ಪ್ರಾಣಿಗೆ ಬೆಂಕಿ ತಾಗುವುದೇ ಇಲ್ಲ, ನೀರು ಇಲ್ಲವೇ ಹಿಮ ಬೇಕು. ಕುಶಾಲಾ ದಾವೊರಾಗೆ ಮಿಂಚು, ಅಂಜನಾಥ್‌ಗೆ ನೀರು. ಹಾಗಾಗಿ ಡ್ಯುಯಲ್ ಬ್ಲೇಡ್ಸ್ ಅಥವಾ ಬೋ ಹಿಡಿದವರು ಬೆಂಕಿ, ನೀರು, ಮಿಂಚು, ಹಿಮ, ಡ್ರ್ಯಾಗನ್ ಎಂಬ ಐದೂ ಎಲಿಮೆಂಟಿಗೆ ಐದು ಆಯುಧ ಮಾಡಲೇಬೇಕು. ಒಂದೊಂದಕ್ಕೂ ಬೇರೆಬೇರೆ ಪ್ರಾಣಿಯನ್ನು ಹತ್ತಾರು ಸಲ ಕೊಲ್ಲಬೇಕು.

2019ರ ಸೆಪ್ಟೆಂಬರ್‌ನಲ್ಲಿ ಬಂದ, ‘ವರ್ಲ್ಡ್’ನ ವಿಸ್ತರಣೆಯಾದ ‘ಐಸ್‌ಬೋರ್ನ್’ ತಕ್ಕಡಿಯನ್ನು ಸರಿ ಮಾಡಹೊರಟಿತು. ನಾನ್-ಎಲಿಮೆಂಟಲ್ ಬೂಸ್ಟ್ 5%ಗೆ ಇಳಿಯಿತು, ಎಲಿಮೆಂಟ್‌ನ ಮಿತಿ ಸಡಿಲವಾಯಿತು, ಸಿಲ್ವರ್ ರಥಾಲೋಸ್ ಕವಚದ 4 ತುಂಡಿಗೆ ಇನ್ನೂ ಬಲವಾದ ಕ್ರಿಟಿಕಲ್ ಎಲಿಮೆಂಟ್ ಸಿಕ್ಕಿತು. ಆದರೂ ಹೆಚ್ಚಿನವರು ಕದಲಲಿಲ್ಲ.

ಕದಲಿಸಿದ್ದು ಅಲಾಟ್ರಿಯನ್. ಸಾಕಷ್ಟು ಎಲಿಮೆಂಟ್ ಪೆಟ್ಟು ಬಿದ್ದರೆ ಅದು ಉರುಳುತ್ತದೆ, ಆಮೇಲೆ ಬರುವ ಎಸ್ಕಟಾನ್ ಜಡ್ಜ್‌ಮೆಂಟ್ ಸ್ಫೋಟ ತಗ್ಗುತ್ತದೆ, ಮದ್ದು ಕುಡಿಯುತ್ತ ಬದುಕಬಹುದು. ಉರುಳದಿದ್ದರೆ ಇಡೀ ತಂಡ ಸಾಯುವುದು ಬಹುತೇಕ ಖಚಿತ. ಬೆಂಕಿಯ ಸ್ಥಿತಿಯಲ್ಲಿ ಶುರುವಾದರೆ ಹಿಮ ಒಯ್ಯಬೇಕು, ಹಿಮದ ಸ್ಥಿತಿಯಲ್ಲಾದರೆ ಬೆಂಕಿ. ವಿಷ, ಬ್ಲಾಸ್ಟ್ (ಸ್ಫೋಟ) ಇಲ್ಲಿ ಲೆಕ್ಕಕ್ಕಿಲ್ಲ. ನಡುವಿನ ಡ್ರ್ಯಾಗನ್ ಸ್ಥಿತಿಯಲ್ಲಿ ಕೊಂಬು ಮುರಿಯದಿದ್ದರೆ ಅದು ಎದುರು ಸ್ಥಿತಿಗೆ ಹೊರಳುತ್ತದೆ, ತಂದ ಆಯುಧ ಕೆಲಸಕ್ಕೆ ಬಾರದಾಗುತ್ತದೆ. ತಲೆ ಬಿಟ್ಟು ಕಾಲು ಬಡಿಯುತ್ತ ಕೂತವರು ಸೋಲುತ್ತಿದ್ದುದು ಇಲ್ಲೇ. ಒತ್ತಾಯದ ಪಾಠ ಎಂದು ಗೊಣಗಿದವರಿದ್ದರು, ಅವರ ಗೊಣಗಾಟದಲ್ಲಿ ಅರ್ಥವೂ ಇತ್ತು: ಗ್ರೇಟ್ ಸ್ವೋರ್ಡ್‌ನವರಿಗೆ ಈ ಗಡಿ ದಾಟುವುದು ಜೋಡಿ ಕತ್ತಿಯವರಿಗಿಂತ ಬಹಳ ಕಷ್ಟ. 2020ರ ಅಕ್ಟೋಬರ್‌ನಲ್ಲಿ ಬಂದ ಫಟಾಲಿಸ್ ಎಂಬ ಡ್ರ್ಯಾಗನ್, ರಾ ಭರ್ಜರಿಯಾಗಿರುವ ಆಯುಧಗಳನ್ನು ಕೊಟ್ಟು ಅವರ ಸಿಟ್ಟು ಇಳಿಸಿತು.

ಸರಣಿಯ ಮುಂದಿನ ಆಟವಾದ 2021ರ ‘ರೈಸ್’ ಅಂಕಿ ಉಬ್ಬಿಸುವುದನ್ನು ಕೈಬಿಟ್ಟು ಅಸಲಿ ಬೆಲೆಯನ್ನೇ ತೋರಿಸಿತು. ಆರಂಭದಲ್ಲಿ ಅಲ್ಲಿ ಮೆರೆದದ್ದು ನರ್ಗಾಕುಗಾ ಎಂಬ ಪ್ರಾಣಿಯ, ಎಲಿಮೆಂಟ್ ಇಲ್ಲದ ಆಯುಧಗಳು. ಅದರ ವಿಸ್ತರಣೆಯಾದ 2022ರ ‘ಸನ್‌ಬ್ರೇಕ್’ ಎಲಿಮೆಂಟ್‌ಗೆ ಹೊಸ ಸ್ಕಿಲ್‌ಗಳನ್ನು ಸುರಿಯಿತು. 2025ರ ‘ವೈಲ್ಡ್ಸ್’ನ ಆರ್ಟಿಯನ್ ಆಯುಧಗಳನ್ನು ಮೂರು ಬಿಡಿಭಾಗ ಕೂಡಿಸಿ ಮಾಡುತ್ತಾರೆ. ಒಂದೇ ಎಲಿಮೆಂಟಿನ ಭಾಗಗಳನ್ನು ಹಾಕಿದರೆ ಆ ಎಲಿಮೆಂಟಿನ ಆಯುಧ ಸಿದ್ಧ.

‘ವರ್ಲ್ಡ್’ ಈಗ ಶುರುಮಾಡುವವರು ಮೊದಲು ನೋಡಬೇಕಾದ್ದು ಆಯುಧದ ವೇಗ. ಗ್ರೇಟ್ ಸ್ವೋರ್ಡ್, ಹ್ಯಾಮರ್ ಆದರೆ ರಾ ಮತ್ತು ಹರಿತ ನೋಡಿ ಒಂದನ್ನು ಆರಿಸಿ. ಜೋಡಿ ಕತ್ತಿ, ಬೋ ಆದರೆ ಎಲಿಮೆಂಟ್. ಚಾರ್ಜ್ ಬ್ಲೇಡ್‌ನಲ್ಲಿ ಫಯಲ್ (ಶಕ್ತಿ ತುಂಬಿಡುವ ಸೀಸೆ) ಯಾವುದೆಂದು ನೋಡಿ: ಇಂಪ್ಯಾಕ್ಟ್ ಫಯಲ್ ರಾ ಮೇಲೆ ನಿಂತಿದೆ, ಎಲಿಮೆಂಟ್ ಫಯಲ್ ಎಲಿಮೆಂಟ್ ಮೇಲೆ. ಎಲಿಮೆಂಟ್ ಆಯುಧಕ್ಕೆ ಆ ಎಲಿಮೆಂಟಿನ ಅಟ್ಯಾಕ್ ಸ್ಕಿಲ್‌ನ ಮೊದಲ 3 ಹಂತ ಕ್ರಮವಾಗಿ 30, 60, 100 ಸೇರಿಸುತ್ತವೆ, ಅಷ್ಟನ್ನು ತಪ್ಪದೆ ಹಾಕಿ. ಪ್ರಾಣಿಯ ಟಿಪ್ಪಣಿಯಲ್ಲಿ ಆ ಎಲಿಮೆಂಟಿಗೆ ಮೂರು ನಕ್ಷತ್ರ ಇದ್ದರಷ್ಟೇ ನೆಚ್ಚಿಕೊಳ್ಳಿ. ಒಂದೇ ನಕ್ಷತ್ರವಾದರೆ ರಾ ಆಯುಧವನ್ನೇ ಒಯ್ಯುವುದು ಮೇಲು.