ಉದಯಪುರದ ಬೇಳೆ, ಹರಿಯಾಣದ ಬಾಯಿಮಾತು: ವರ್ತನಾ ವಿಜ್ಞಾನದ ಟಿಪ್ಪಣಿ

ವರ್ತನಾ ವಿಜ್ಞಾನದ ಪಾಠ ತೆರೆದರೆ ಮೊದಲು ಎದುರಾಗುವುದು ವ್ಯಾಖ್ಯೆಗಳ ಸಾಲು: ನಡ್ಜ್ (ಬಲವಂತವಿಲ್ಲದೆ ಜನರನ್ನು ಒಂದು ಆಯ್ಕೆಯ ಕಡೆ ಮೆಲ್ಲಗೆ ತಿರುಗಿಸುವ ಉಪಾಯ), ಡೀಫಾಲ್ಟ್ (ನಾವೇನೂ ಆರಿಸದಿದ್ದರೆ ತಾನಾಗಿ ಅನ್ವಯಿಸುವ ಆಯ್ಕೆ), ಪ್ರೆಸೆಂಟ್ ಬಯಾಸ್ (ನಾಳೆಗಿಂತ ಇವತ್ತಿಗೇ ಹೆಚ್ಚು ತೂಕ ಕೊಡುವ ಒಲವು). ಪರೀಕ್ಷೆಗೆಂದು ಇವನ್ನೆಲ್ಲ ಉರು ಹೊಡೆಯುವ ಮೊದಲು ಒಂದೇ ಒಂದು ಪ್ರಯೋಗವನ್ನು ಬಿಚ್ಚಿ ನೋಡೋಣ. ಅದು ರಾಜಸ್ಥಾನದ ಉದಯಪುರ ಜಿಲ್ಲೆಯ ಹಳ್ಳಿಗಳಲ್ಲಿ ನಡೆದ ಮಕ್ಕಳ ಲಸಿಕೆಯ ಪ್ರಯೋಗ. ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮತ್ತು ಸಂಗಡಿಗರು ಸೇವಾ ಮಂದಿರ ಎಂಬ ಸ್ವಯಂಸೇವಾ ಸಂಸ್ಥೆಯ ಜೊತೆ ಸೇರಿ ನಡೆಸಿದ್ದು. ಫಲಿತಾಂಶ ಪ್ರಕಟವಾದದ್ದು 2010ರಲ್ಲಿ.

ಲಸಿಕೆ ಸರ್ಕಾರದಿಂದ ಉಚಿತವಾಗಿಯೇ ಸಿಗುತ್ತಿತ್ತು. ಆದರೂ ಪೂರ್ತಿ ಲಸಿಕೆ ಹಾಕಿಸಿಕೊಂಡ ಮಕ್ಕಳು ತೀರಾ ಕಡಿಮೆ. ಹಳ್ಳಿ ಜನರ ಮೂಢನಂಬಿಕೆ, ಅಜ್ಞಾನ ಎಂದು ಷರಾ ಬರೆದು ಮುಗಿಸುವುದು ಸುಲಭ. ಆದರೆ ಅದೇ ಜಿಲ್ಲೆಯಲ್ಲಿ ಅದಕ್ಕೂ ಮೊದಲು ನಡೆದ ಸಮೀಕ್ಷೆಯೊಂದು ಬೇರೆ ಕಥೆ ಹೇಳಿತ್ತು: ಕೆಲಸದ ವೇಳೆಯಲ್ಲೇ ಆರೋಗ್ಯ ಉಪಕೇಂದ್ರಗಳು ಅರ್ಧಕ್ಕಿಂತ ಹೆಚ್ಚು ಸಲ ಬಾಗಿಲು ಹಾಕಿರುತ್ತಿದ್ದವು. ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಬಿಸಿಲಲ್ಲಿ ನಡೆದು ಬಂದ ತಾಯಿ ಬೀಗ ನೋಡಿ ವಾಪಸು ಹೋದರೆ, ಮುಂದಿನ ಸಲ ಯಾಕೆ ಬಂದಾಳು?

ಹಾಗಾಗಿ ಸಂಶೋಧಕರು 134 ಹಳ್ಳಿಗಳನ್ನು ಚೀಟಿ ಎತ್ತಿದಂತೆ ಮೂರು ಗುಂಪು ಮಾಡಿದರು. ಒಂದು ಗುಂಪಿನಲ್ಲಿ ಹೊಸದೇನೂ ಇಲ್ಲ. ಎರಡನೆಯದರಲ್ಲಿ ತಿಂಗಳಿಗೊಮ್ಮೆ ಗೊತ್ತಾದ ದಿನ ತಪ್ಪದೆ ಶಿಬಿರ. ಮೂರನೆಯದರಲ್ಲಿ ಅದೇ ಶಿಬಿರ, ಜೊತೆಗೆ ಪ್ರತಿ ಸಲ ಬಂದಾಗಲೂ ಒಂದು ಕಿಲೋ ಬೇಳೆ, ಎಲ್ಲ ಲಸಿಕೆ ಮುಗಿದ ಮೇಲೆ ಊಟದ ತಟ್ಟೆಗಳು. ಒಂದರಿಂದ ಮೂರು ವರ್ಷದ ಮಕ್ಕಳಲ್ಲಿ ಪೂರ್ತಿ ಲಸಿಕೆಯಾದವರು ಮೊದಲ ಗುಂಪಿನಲ್ಲಿ ಶೇ. 6, ಎರಡನೆಯದರಲ್ಲಿ ಶೇ. 18, ಮೂರನೆಯದರಲ್ಲಿ ಶೇ. 39.

ಎಲ್ಲರೂ ಈ ಮೂರು ಅಂಕಿ ಬರೆದು ಮುಂದೆ ಹೋಗುತ್ತಾರೆ. ನನಗೆ ಇದಕ್ಕಿಂತ ಮುಖ್ಯವೆನಿಸುವುದು ಇನ್ನೊಂದು ಸಂಗತಿ. ಕನಿಷ್ಠ ಒಂದು ಚುಚ್ಚುಮದ್ದಾದರೂ ಹಾಕಿಸಿಕೊಂಡ ಮಕ್ಕಳನ್ನು ಎಣಿಸಿದರೆ, ಬೇಳೆ ಕೊಟ್ಟ ಶಿಬಿರಕ್ಕೂ ಕೊಡದ ಶಿಬಿರಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಅಂದರೆ ಲಸಿಕೆಯ ಮೇಲೆ ದ್ವೇಷವೇನೂ ಇರಲಿಲ್ಲ. ಜನ ಬಂದರು, ಆಮೇಲೆ ಒಬ್ಬೊಬ್ಬರಾಗಿ ಬಿಟ್ಟುಹೋದರು. ಪೂರ್ತಿಯಾಗಲು ಐದು ಸಲವಾದರೂ ಬರಬೇಕು. ಪ್ರತಿ ಸಲವೂ ಅಂದಿನ ಕೂಲಿ ಹೋಗುತ್ತದೆ, ಮಗುವಿಗೆ ರಾತ್ರಿ ಜ್ವರ ಬರುತ್ತದೆ. ಇಷ್ಟಕ್ಕೂ ಸಿಗುವ ಲಾಭವೇನು? ಬಾರದೇ ಹೋದ ದಡಾರ. ಬಾರದ್ದು ಕಣ್ಣಿಗೆ ಕಾಣುವುದಿಲ್ಲ. ಕಷ್ಟ ಇವತ್ತಿನದು, ಸುಖ ಎಂದಿನದೋ. ಹೀಗಿದ್ದಾಗ ‘ಮುಂದಿನ ತಿಂಗಳು ನೋಡೋಣ’ ಎನ್ನುವುದಕ್ಕೇ ಪ್ರೆಸೆಂಟ್ ಬಯಾಸ್ ಎಂದು ಹೆಸರು. ಜಿಮ್‌ಗೆ ದುಡ್ಡು ಕಟ್ಟಿ ಹೋಗದ ಪಟ್ಟಣದವರಿಗೂ ಇದೇ ರೋಗ. ಬೇಳೆ ಮಾಡಿದ್ದಿಷ್ಟೇ: ಲಾಭದ ಒಂದು ಚೂರನ್ನು ಇವತ್ತಿಗೇ ತಂದುಕೊಟ್ಟಿತು.

ಬೇಳೆ ಹಂಚಿದರೆ ಖರ್ಚು ಏರುತ್ತದಲ್ಲ ಎಂದು ಕೇಳಬಹುದು. ಲೆಕ್ಕ ತಲೆಕೆಳಗಾಗಿದೆ. ಹತ್ತು ಮಕ್ಕಳು ಬಂದರೂ ಇಬ್ಬರೇ ಬಂದರೂ ದಾದಿಯ ಸಂಬಳ ಒಂದೇ. ಹೆಚ್ಚು ಮಕ್ಕಳು ಬಂದಾಗ ತಲಾ ವೆಚ್ಚ ಇಳಿದು, ಬೇಳೆಯ ಬೆಲೆ ಸೇರಿಸಿದ ಮೇಲೂ ಹೆಚ್ಚುಕಡಿಮೆ ಅರ್ಧಕ್ಕೆ ಬಂತು.

ಇದನ್ನು ‘ನಡ್ಜ್’ ಎನ್ನಬಹುದೇ? ಈ ಪದವನ್ನು ಜನಪ್ರಿಯಗೊಳಿಸಿದ ರಿಚರ್ಡ್ ಥೇಲರ್ ಮತ್ತು ಕ್ಯಾಸ್ ಸನ್‌ಸ್ಟೀನ್ ಕೊಟ್ಟ ವ್ಯಾಖ್ಯೆಯ ಪ್ರಕಾರ ನಡ್ಜ್ ಯಾವ ಆಯ್ಕೆಯನ್ನೂ ಕಿತ್ತುಕೊಳ್ಳಬಾರದು, ಹಣದ ಲೆಕ್ಕಾಚಾರವನ್ನು ಗಣನೀಯವಾಗಿ ಬದಲಿಸಲೂಬಾರದು. ಆ ಬೇಳೆಯ ಬೆಲೆ ಸುಮಾರು 40 ರೂಪಾಯಿ, ಆಗಿನ ದಿನಗೂಲಿಯ ಮುಕ್ಕಾಲು ಪಾಲು. ಕೂಲಿಯವರ ಮನೆಯಲ್ಲಿ ಅದು ಚಿಲ್ಲರೆ ಮೊತ್ತವಲ್ಲ. ಪರೀಕ್ಷೆಯ ಉತ್ತರದಲ್ಲಿ ‘ಸಣ್ಣ ಪ್ರೋತ್ಸಾಹಕ’ ಎಂದು ಬರೆಯುವುದೇ ಸರಿಯೆಂದು ನನ್ನ ಅಭಿಪ್ರಾಯ.

ಕಥೆಯ ಮುಂದಿನ ಭಾಗಕ್ಕೆ ಕರ್ನಾಟಕದ ನಂಟಿದೆ. ಊರಿನಲ್ಲಿ ಸುದ್ದಿ ಹಬ್ಬಿಸಬಲ್ಲವರು ಯಾರು ಎಂದು ಪತ್ತೆ ಮಾಡಲು ಇದೇ ಬ್ಯಾನರ್ಜಿ, ಡುಫ್ಲೊ ಅವರು ಅರುಣ್ ಚಂದ್ರಶೇಖರ್, ಮ್ಯಾಥ್ಯೂ ಜಾಕ್ಸನ್ ಜೊತೆ ನಮ್ಮ 213 ಹಳ್ಳಿಗಳಲ್ಲಿ ಪ್ರಯೋಗ ಮಾಡಿದರು. ಸಂಬಂಧಗಳ ನಕ್ಷೆ ಬರೆಯುವ ದುಬಾರಿ ಗೋಜಿಗೆ ಹೋಗದೆ ಜನರನ್ನೇ ಕೇಳಿದರು: ಊರಿಗೆಲ್ಲ ವಿಷಯ ಮುಟ್ಟಬೇಕಾದರೆ ಯಾರಿಗೆ ಹೇಳಬೇಕು? ಜನ ಹೆಸರಿಸಿದವರಿಗೆ ಸುದ್ದಿ ತಿಳಿಸಿದಾಗ, ಊರ ಹಿರಿಯರಿಗೆ ತಿಳಿಸಿದ್ದಕ್ಕಿಂತ ಅದು ಹೆಚ್ಚು ದೂರ ಹರಡಿತು. (ಪಂಚಾಯಿತಿ ಕಟ್ಟೆಯಲ್ಲಿ ಕೂತವರಿಗೆ ಇದು ಹೊಸ ವಿಷಯವಲ್ಲ, ಅರ್ಥಶಾಸ್ತ್ರಜ್ಞರಿಗೆ ಹೊಸದು!) ಹರಿಯಾಣದ 521 ಹಳ್ಳಿಗಳಲ್ಲಿ ಲಸಿಕೆ ಶಿಬಿರದ ಸುದ್ದಿಯನ್ನು ಇಂಥವರ ಮೂಲಕ ಹಬ್ಬಿಸಿದಾಗ, ಯಾರೋ ಕೆಲವರಿಗೆ ಹೇಳಿದ ಹಳ್ಳಿಗಳಿಗಿಂತ ಶೇ. 22ರಷ್ಟು ಹೆಚ್ಚು ಮಕ್ಕಳು ಪ್ರತಿ ತಿಂಗಳು ಲಸಿಕೆ ಪಡೆದರು.

ಈ 22 ಮತ್ತು ಮೇಲಿನ 39 ಒಂದೇ ಜಾತಿಯ ಅಂಕಿಗಳಲ್ಲ, ಗಮನಿಸಿ. 18ರಿಂದ 39ಕ್ಕೆ ಏರಿದ್ದು 21 ಶೇಕಡಾ ಅಂಶ, ಅಂದರೆ ಎರಡು ಶೇಕಡಾಗಳ ನೇರ ವ್ಯತ್ಯಾಸ. ಹರಿಯಾಣದ್ದು ಇದ್ದ ಸಂಖ್ಯೆಯ ಮೇಲಿನ ಹೆಚ್ಚಳ. ಇವೆರಡನ್ನು ಬೆರೆಸಿ ‘ಎರಡೂ ಸಮ’ ಎಂದು ಬರೆಯಬೇಡಿ.

ಹಾಗಾದರೆ ಇಂಥ ಉಪಾಯಗಳೆಲ್ಲ ಇಷ್ಟೇ ಚೆನ್ನಾಗಿ ಫಲಿಸುತ್ತವೆಯೇ? ಇಲ್ಲ. ಸ್ಟೆಫಾನೊ ಡೆಲ್ಲಾವಿಗ್ನಾ ಮತ್ತು ಎಲಿಜಬೆತ್ ಲಿನೋಸ್ 2022ರಲ್ಲಿ ಅಮೆರಿಕದ ಎರಡು ದೊಡ್ಡ ನಡ್ಜ್ ಘಟಕಗಳ (ಸರ್ಕಾರಿ ಕೆಲಸಗಳಲ್ಲಿ ನಡ್ಜ್‌ಗಳನ್ನು ಪರೀಕ್ಷಿಸುವ ತಂಡಗಳ) 126 ಪ್ರಯೋಗಗಳನ್ನು ಒಟ್ಟುಗೂಡಿಸಿದರು, ಸುಮಾರು 2.3 ಕೋಟಿ ಜನರ ಮಾಹಿತಿ. ವಿದ್ವತ್ ಪತ್ರಿಕೆಗಳಲ್ಲಿ ಅಚ್ಚಾದ ನಡ್ಜ್‌ಗಳ ಸರಾಸರಿ ಪರಿಣಾಮ 8.7 ಶೇಕಡಾ ಅಂಶ, ಘಟಕಗಳು ನಿಜಕ್ಕೂ ಜಾರಿ ಮಾಡಿದವುಗಳದ್ದು ಬರೀ 1.4. ಚೆನ್ನಾಗಿ ಫಲಿಸಿದ್ದಷ್ಟೇ ಅಚ್ಚಿಗೆ ಹೋಗುವುದು ಈ ಅಂತರಕ್ಕೆ ಮುಖ್ಯ ಕಾರಣ. ಆದರೂ 1.4 ಎಂದು ಮೂಗು ಮುರಿಯುವಂತಿಲ್ಲ. ಸರ್ಕಾರ ಜನರಿಗೆ ಕಳಿಸುವ ಪತ್ರದ ಒಂದು ಸಾಲು ತಿದ್ದುವುದಕ್ಕೆ ಖಜಾನೆಯಿಂದ ಹೆಚ್ಚೇನೂ ಹೋಗುವುದಿಲ್ಲ. ಬೀಗ ಹಾಕಿದ ಉಪಕೇಂದ್ರ ಮಾತ್ರ ಅಂಥ ಸಾಲಿಗೆ ತೆರೆಯುವುದಿಲ್ಲ. ಉದಯಪುರದಲ್ಲೂ ಬೇಳೆಯ ಮೂಟೆ ಬಂದದ್ದು ದಾದಿ ತಪ್ಪದೆ ಬರುತ್ತಿದ್ದ ಶಿಬಿರಕ್ಕೆ.