ಬೆಳೆಯ ದುಡ್ಡು ವರ್ಷಕ್ಕೊಂದೇ ಸಲ ಬಂದರೆ ಆಪತ್ತಿಗೆ ಎಷ್ಟು ಎತ್ತಿಡಬೇಕು?

ಪ್ರಶ್ನೆ: ಮೂಡಿಗೆರೆ ಹತ್ತಿರ ನಮ್ಮದು ಎರಡು ಎಕರೆ ರೋಬಸ್ಟಾ ಕಾಫಿ, ಜೊತೆಗೆ ಒಂದಷ್ಟು ಮೆಣಸು. ನಮ್ಮ ಮನೆಯವರಿಗೆ ಪೇಟೆಯಲ್ಲಿ ತಿಂಗಳಿಗೆ 18,000 ರೂ. ಸಂಬಳ. ಆರು ತಿಂಗಳ ಖರ್ಚಿನಷ್ಟು ಎತ್ತಿಡಿ ಅಂತ ಎಲ್ಲರೂ ಹೇಳುತ್ತಾರೆ. ನಮಗೂ ಅದೇ ಲೆಕ್ಕವೇ?

ಉತ್ತರ: ಅಲ್ಲ. ಆರು ತಿಂಗಳ ಲೆಕ್ಕ ಸಂಬಳದವರದ್ದು. ಕೆಲಸ ಹೋದರೆ ಇನ್ನೊಂದು ಸಿಗಲು ಅಷ್ಟು ಹಿಡಿಯಬಹುದು ಎಂಬ ಅಂದಾಜು ಅದು. ಹಾಸನದಲ್ಲಿ ಇಬ್ಬರೂ ಸಂಬಳ ತರುವ ಮನೆಗೆ ಮೂರು ತಿಂಗಳದ್ದೇ ಸಾಕಾದೀತು. ನಿಮ್ಮಲ್ಲಿ ಕಾಫಿ ಹೂ ಅರಳಿಸುವ ಹೂಮಳೆ ಕೈಕೊಟ್ಟರೆ, ಇಲ್ಲವೇ ಆಗಸ್ಟ್ ಮಳೆಗೆ ಕಾಯಿ ಉದುರಿದರೆ, ಮತ್ತೆ ದುಡ್ಡಿನ ಮುಖ ಕಾಣುವುದು ಇನ್ನೊಂದು ಕೊಯ್ಲಿಗೆ. ನಿಮ್ಮ ಅಳತೆ ಒಂದು ಪೂರ್ತಿ ಬೆಳೆ.

ಲೆಕ್ಕ ಹೀಗೆ ಹಾಕಿ. ದಿನಸಿ, ಹಾಲು, ಗ್ಯಾಸಿಗೆ 9,000, ಕರೆಂಟು-ಫೋನಿಗೆ 2,500, ಮಕ್ಕಳ ಶಾಲೆ ಮತ್ತು ವ್ಯಾನಿಗೆ 6,000, ಔಷಧಿಗೆ 2,500, ಪೆಟ್ರೋಲಿಗೆ 3,000, ಸಾಲದ ಕಂತು 7,000 ಎಂದಿಟ್ಟುಕೊಳ್ಳೋಣ: 30,000 ಆಯಿತು. ಬಹಳ ಜನ ಇಲ್ಲಿಗೇ ನಿಲ್ಲಿಸುತ್ತಾರೆ. ವಿಮೆ ಕಂತು, ಗಾಡಿ ಇನ್ಶೂರೆನ್ಸ್, ಜೂನ್ ತಿಂಗಳ ಪುಸ್ತಕ-ಬಟ್ಟೆ ವರ್ಷಕ್ಕೆ 36,000 ಆದರೆ ತಿಂಗಳಿಗೆ ಇನ್ನೂ 3,000 ಸೇರಬೇಕು. ಒಟ್ಟು 33,000. ಇದರಲ್ಲಿ ಸಂಬಳ ಕಳೆದರೆ ತಿಂಗಳಿಗೆ 15,000 ಕೊರತೆ, ಹನ್ನೆರಡು ತಿಂಗಳಿಗೆ 1,80,000.

ಬೆಳೆ ಹೋಯಿತೆಂದು ತೋಟ ಬಿಡಲಾಗುವುದಿಲ್ಲ. ಕಳೆ ತೆಗೆಸಬೇಕು, ಒಂದು ಸುತ್ತಾದರೂ ಗೊಬ್ಬರ ಕೊಡಬೇಕು, ಮಳೆಗಾಲಕ್ಕೆ ಮುಂಚೆ ಮೆಣಸಿಗೆ ರೋಗ ತಡೆಯುವ ಬೋರ್ಡೋ ದ್ರಾವಣ ಹೊಡೆಸಬೇಕು. ಇದಕ್ಕೆ 60,000 ಹಿಡಿದಿದ್ದೇವೆ. ನಿಜವಾದ ಅಂಕಿ ನಿಮ್ಮ ಕೂಲಿ ಬಟವಾಡೆ ಪುಸ್ತಕದಲ್ಲೇ ಸಿಗುತ್ತದೆ. ಆಸ್ಪತ್ರೆಯ ಮುಂಗಡ, ಮಂಗಳೂರಿಗೋ ಹಾಸನಕ್ಕೋ ಓಡುವ ಗಾಡಿ ಬಾಡಿಗೆ, ಜೊತೆಗಿರುವವರ ಊಟ-ವಸತಿಗೆ 50,000. ಆರೋಗ್ಯ ವಿಮೆ ಇದ್ದರೂ ಇವು ಕೈಯಿಂದಲೇ ಮೊದಲು ಹೋಗುತ್ತವೆ. ಎಲ್ಲ ಸೇರಿ 2,90,000.

ಈ ವರ್ಷದ ಬಟವಾಡೆಗೆಂದು ತೆಗೆದಿಟ್ಟ ದುಡ್ಡನ್ನು ಇದರಲ್ಲಿ ಎಣಿಸಬೇಡಿ. ಅದು ಖರ್ಚಾಗಲೆಂದೇ ಇರುವ ದುಡ್ಡು.

ಎಲ್ಲಿಡಬೇಕು ಅನ್ನುವುದರಲ್ಲೇ ಹೆಚ್ಚು ಎಡವಟ್ಟು. 15,000 ಮನೆಯಲ್ಲಿ ನಗದಾಗಿರಲಿ, ಮಳೆಗಾಲದಲ್ಲಿ ಕರೆಂಟು, ಟವರ್ ಎರಡೂ ಹೋದರೆ ಫೋನ್‌ಪೇ ಉಪಯೋಗಕ್ಕೆ ಬಾರದು. 75,000 ಗಂಡ-ಹೆಂಡತಿಯ ಜಂಟಿ ಉಳಿತಾಯ ಖಾತೆಯಲ್ಲಿ, ಇಬ್ಬರಲ್ಲಿ ಯಾರಾದರೂ ತೆಗೆಯುವಂತೆ. ಹಾಸಿಗೆ ಹಿಡಿದವರ ಒಬ್ಬರ ಹೆಸರಲ್ಲೇ ಖಾತೆಯಿದ್ದರೆ ದುಡ್ಡಿದ್ದೂ ಇಲ್ಲದಂತೆ. ಉಳಿದ 2,00,000 ತಲಾ 50,000ದ ನಾಲ್ಕು ಎಫ್‌ಡಿ ಮಾಡಿ. ಒಂದೇ ದೊಡ್ಡ ಎಫ್‌ಡಿ ಇಟ್ಟರೆ 30,000 ಬೇಕಾದಾಗಲೂ ಇಡೀ ಗಂಟನ್ನೇ ಮುರಿಯಬೇಕಾಗುತ್ತದೆ, ಬಡ್ಡಿಯೂ ಇಳಿಯುತ್ತದೆ. ಎಫ್‌ಡಿ ಜಂಟಿ ಬೇಡ: ಅವಧಿಗೆ ಮುನ್ನ ಮುರಿಯಲು ಸಾಮಾನ್ಯವಾಗಿ ಇಬ್ಬರ ಸಹಿಯೂ ಬೇಕಾಗುತ್ತದೆ. ಎರಡು ಒಬ್ಬರ ಹೆಸರಿಗೆ, ಎರಡು ಇನ್ನೊಬ್ಬರಿಗೆ, ನಾಮಿನಿ ಅದಲುಬದಲು.

ಬಡ್ಡಿ ಒಂದು ಪರ್ಸೆಂಟ್ ಜಾಸ್ತಿ ಅಂತ ಈ ದುಡ್ಡನ್ನು ಪತ್ತಿನ ಸಹಕಾರ ಸಂಘದಲ್ಲಿ ಇಡಬೇಡಿ. ಬ್ಯಾಂಕ್ ಠೇವಣಿಗೆ, ಸಹಕಾರಿ ಬ್ಯಾಂಕ್ ಸೇರಿ, ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ವಿಮೆಯಿದೆ. ಸಂಘಗಳ ಠೇವಣಿಗೆ ಆ ವಿಮೆ ಇಲ್ಲ. ಚೀಟಿಯೂ ಬೇಡ. ಅವಸರಕ್ಕೆ ಕೂಗಿದರೆ ಕಸರು (ಕೂಗಿನಲ್ಲಿ ಬಿಟ್ಟುಕೊಡುವ ಮೊತ್ತ) ಕಳೆದು ಕೈಗೆ ಬರುವುದು ಎಷ್ಟೋ!

ಮೆಣಸಿನ ಮೂಟೆ, ಒಡವೆ ಎರಡನೇ ಸಾಲಿನಲ್ಲಿರಲಿ. ಮೆಣಸು ಯಾವತ್ತು ಒಯ್ದರೂ ಮಾರಾಟವಾಗುತ್ತದೆ ನಿಜ, ಆದರೆ ಗರಜಿಗೆ ಬಿದ್ದವನಿಗೆ ಅಂದಿನ ದರವೇ ಗತಿ. ಸರಿಯಾಗಿ ಒಣಗದ್ದು ಮಳೆಗಾಲಕ್ಕೆ ಬೂಸ್ಟು ಹಿಡಿಯುತ್ತದೆ.

ಒಂದೇ ವರ್ಷದಲ್ಲಿ ಇಷ್ಟು ಕೂಡಿಸಲು ಹೋಗಬೇಡಿ. ಮೂರು ಕೊಯ್ಲಿಗೆ ಹಂಚಿದರೆ ವರ್ಷಕ್ಕೆ 96,000 ಚಿಲ್ಲರೆ. ಬೆಲೆ ಚೆನ್ನಾಗಿರುವ ವರ್ಷ ಅದರ ಎರಡರಷ್ಟು ಹಾಕಿ. ಕಾಫಿ ದುಡ್ಡು ಖಾತೆಗೆ ಬಿದ್ದ ವಾರದಲ್ಲೇ ಎಫ್‌ಡಿ ಮಾಡಿಸಿ, ಜೀಪು ಬದಲಾಯಿಸುವ ಮಾತು ಆಮೇಲೆ.