ಸ್ಪ್ಯಾಮ್ ತಡೆಯುವ ಭರದಲ್ಲಿ ಮುಕ್ತ ಜಾಲಗಳು ಮುಚ್ಚಿಹೋಗುವುದು ಹೇಗೆ?

2024ರ ಫೆಬ್ರುವರಿ ಮಧ್ಯದಲ್ಲಿ, ಬೇರೆ ಬೇರೆಯವರು ನಡೆಸುವ, ಒಂದಕ್ಕೊಂದು ಬೆಸೆದ ಸರ್ವರ್‌ಗಳಿಂದಾದ ಮ್ಯಾಸ್ಟೊಡಾನ್ ಎಂಬ ಸಾಮಾಜಿಕ ಜಾಲ ಬಳಸುವವರಿಗೆ ಗುರುತು ಪರಿಚಯವಿಲ್ಲದ ಖಾತೆಗಳಿಂದ ಒಂದರ ಹಿಂದೊಂದು ಸಂದೇಶಗಳು ಬರತೊಡಗಿದವು. ಹಿಂದಿನ ದಾಳಿಗಳು ಹೆಚ್ಚಾಗಿ ದೊಡ್ಡ ಸರ್ವರ್‌ಗಳನ್ನು ಬಳಸಿಕೊಂಡಿದ್ದವು. ಈ ಸಲದ ದಾಳಿಕೋರರು ಸಣ್ಣ ಸರ್ವರ್‌ಗಳನ್ನು ಆರಿಸಿಕೊಂಡಿದ್ದರು. ಯಾರೋ ಉತ್ಸಾಹದಿಂದ ಶುರು ಮಾಡಿ, ಆಮೇಲೆ ತಿರುಗಿಯೂ ನೋಡದೆ ಬಿಟ್ಟಿದ್ದ, ಆದರೆ ಹೊಸ ನೋಂದಣಿಗೆ ಇನ್ನೂ ತೆರೆದಿದ್ದ ಸರ್ವರ್‌ಗಳವು. ಅಲ್ಲಿ ಸ್ಕ್ರಿಪ್ಟ್ ಮೂಲಕ ರಾಶಿ ರಾಶಿ ಖಾತೆ ತೆರೆದು ಇಡೀ ಜಾಲಕ್ಕೆ ಕಸ ಸುರಿದರು. ತಿಂಗಳು ಮುಗಿಯುವ ಮೊದಲೇ ಮ್ಯಾಸ್ಟೊಡಾನ್ ತಂತ್ರಾಂಶಕ್ಕೆ ಒಂದು ಬದಲಾವಣೆ ಬಂತು: ಒಂದು ವಾರ ಯಾವ ಮಾಡರೇಟರೂ (ಸಂದೇಶಗಳ ಮೇಲೆ ಕಣ್ಣಿಡುವವರು) ಇತ್ತ ಸುಳಿಯದಿದ್ದರೆ, ಆ ಸರ್ವರ್‌ನಲ್ಲಿ ಮುಕ್ತ ನೋಂದಣಿ ತಾನಾಗಿಯೇ ನಿಂತು, ಹೊಸ ಖಾತೆಗೆ ಅನುಮತಿ ಬೇಕಾಗುತ್ತದೆ.

ನನ್ನ ಮಟ್ಟಿಗೆ ಇದು ಸರಿಯಾದ ಜಾಗಕ್ಕೆ ಹಾಕಿದ ಚಿಕಿತ್ಸೆ. ನೋಡಿಕೊಳ್ಳುವವರಿಲ್ಲದಿರುವುದನ್ನು ಅದು ದೋಷವೆಂದು ಎಣಿಸಿತೇ ಹೊರತು, ಚಿಕ್ಕದಾಗಿರುವುದನ್ನಲ್ಲ. ಈ ವ್ಯತ್ಯಾಸ ಎಷ್ಟು ದೊಡ್ಡದೆಂದು ತಿಳಿಯಬೇಕಾದರೆ ಇಮೇಲ್‌ಗೆ ಏನಾಯಿತೆಂದು ನೋಡಬೇಕು.

ಕೇಳದವರಿಗೆ ಜಾಹೀರಾತು ಕಳಿಸುವ ಚಾಳಿ ಇಂಟರ್ನೆಟ್‌ಗಿಂತಲೂ ಹಳೆಯದು. 1978ರಲ್ಲೇ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ಮಾರಾಟ ಪ್ರತಿನಿಧಿಯೊಬ್ಬರು ಇಂಟರ್ನೆಟ್‌ಗೆ ಮೊದಲಿದ್ದ ಅರ್ಪಾನೆಟ್ ಜಾಲದ ಸುಮಾರು 400 ಮಂದಿಗೆ ಕಂಪ್ಯೂಟರ್ ಪ್ರಚಾರದ ಸಂದೇಶ ಕಳಿಸಿ ಬೈಗುಳ ತಿಂದಿದ್ದರು. 1982ರಲ್ಲಿ ಇಮೇಲ್ ಸಾಗಿಸುವ ಎಸ್‌ಎಂಟಿಪಿ ನಿಯಮಾವಳಿ ರೂಪುಗೊಂಡಾಗ, ಕಳಿಸಿದವರು ನಿಜಕ್ಕೂ ಅವರೇ ಹೌದೇ ಎಂದು ಪರೀಕ್ಷಿಸುವ ಏರ್ಪಾಡೇ ಅದರಲ್ಲಿರಲಿಲ್ಲ. ಬೇರೆಯವರ ಟಪಾಲನ್ನು ನಮ್ಮ ಸರ್ವರ್ ಮೂಲಕ ಮುಂದಕ್ಕೆ ದಾಟಿಸುವುದು ಆಗ ಸೌಜನ್ಯ. ಮುಂದೆ ಸ್ಪ್ಯಾಮ್ ಮಾಡುವವರು ಮೊದಲು ಹಿಡಿದದ್ದು ಆ ಸೌಜನ್ಯವನ್ನೇ.

ಚರ್ಚಾ ಗುಂಪುಗಳ ಹಳೆಯ ಜಾಲವಾದ ಯೂಸ್‌ನೆಟ್‌ನ ಪಾಡೂ ಬೇರೆಯಲ್ಲ. 1994ರ ಏಪ್ರಿಲ್‌ನಲ್ಲಿ ಲಾರೆನ್ಸ್ ಕ್ಯಾಂಟರ್ ಮತ್ತು ಮಾರ್ಥಾ ಸೀಗಲ್ ಎಂಬ ವಕೀಲ ದಂಪತಿ ಅಮೆರಿಕದ ಗ್ರೀನ್ ಕಾರ್ಡ್ ಲಾಟರಿಯ ಜಾಹೀರಾತನ್ನು ಸಾವಿರಾರು ಚರ್ಚಾ ಗುಂಪುಗಳಿಗೆ ಹಾಕಿದರು. ಸಿಟ್ಟಿಗೆದ್ದ ಬಳಕೆದಾರರು ಅಂಥ ಸಂದೇಶಗಳನ್ನು ಹುಡುಕಿ ರದ್ದು ಮಾಡುವ ಬಾಟ್‌ಗಳನ್ನು ಬರೆದರು. ಆದರೆ ಅದೇ ರದ್ದತಿ ಆಜ್ಞೆಯನ್ನು ಸುಳ್ಳು ಹೆಸರಿನಲ್ಲಿ ಯಾರು ಬೇಕಾದರೂ ಕಳಿಸಬಹುದಿತ್ತು. ಕಾಪಾಡಲು ಹುಟ್ಟಿದ ಸಾಧನವೇ ಬಾಯಿ ಮುಚ್ಚಿಸುವ ಸಾಧನವೂ ಆಯಿತು.

1997ರಲ್ಲಿ ಇಂಟರ್ನೆಟ್ ತಂತ್ರಜ್ಞ ಪಾಲ್ ವಿಕ್ಸಿ ಮತ್ತು ಸಂಗಡಿಗರು ಸ್ಪ್ಯಾಮ್ ಹೊರಡುವ ವಿಳಾಸಗಳ ಒಂದು ಕಪ್ಪುಪಟ್ಟಿಯನ್ನು ಬಳಕೆಗೆ ತಂದರು. ಯಾವುದೇ ಸರ್ವರ್ ಟಪಾಲು ತೆಗೆದುಕೊಳ್ಳುವ ಮೊದಲು ಆ ಪಟ್ಟಿಯನ್ನು ಕೇಳಿ ನೋಡಬಹುದಿತ್ತು. ಸೇರಿಕೊಳ್ಳುವುದು ಅವರವರ ಇಷ್ಟ. ಆದರೆ ಸಾವಿರಾರು ಸರ್ವರ್‌ಗಳು ಒಂದೇ ಪಟ್ಟಿಯನ್ನು ನಂಬಿದಾಗ ಪಟ್ಟಿ ಬರೆಯುವವರ ಕೈಗೆ ಬಂದ ಅಧಿಕಾರ ಸಣ್ಣದಲ್ಲ. ನೆರೆಯ ವಿಳಾಸದವರ ತಪ್ಪಿಗೆ ನಿರಪರಾಧಿಗಳ ಟಪಾಲೂ ನಿಂತಿತು. ಹೆಸರು ತೆಗೆಸಲು ಯಾರನ್ನು ಕೇಳಬೇಕೆಂಬುದೂ ಎಷ್ಟೋ ಮಂದಿಗೆ ತಿಳಿಯುತ್ತಿರಲಿಲ್ಲ.

ಆಮೇಲೆ ಸೋಸುವ ತಂತ್ರಗಳು ಸುಧಾರಿಸಿದವು. ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಗುರುತು ದೃಢೀಕರಣದ ಏರ್ಪಾಡುಗಳು ಬಂದವು. ಸ್ಪ್ಯಾಮ್ ನಿಜಕ್ಕೂ ಹತೋಟಿಗೆ ಬಂತು. ಆದರೆ ಅಷ್ಟೊಂದು ಟಪಾಲನ್ನು ಸೋಸಿ, ಕಲಿತು, ತೀರ್ಪು ಕೊಡುವ ಸಾಮರ್ಥ್ಯ ಉಳಿದದ್ದು ದೊಡ್ಡ ಕಂಪನಿಗಳ ಬಳಿ. 2024ರ ಫೆಬ್ರುವರಿಯಿಂದ ಜಿಮೇಲ್‌ಗೆ ದಿನಕ್ಕೆ 5,000ಕ್ಕಿಂತ ಹೆಚ್ಚು ಸಂದೇಶ ಕಳಿಸುವವರು ಯಾವ ನಿಯಮ ಪಾಲಿಸಬೇಕೆಂದು ಹೇಳಿದ್ದು ಯಾವ ಮಾನಕ ಸಂಸ್ಥೆಯೂ ಅಲ್ಲ, ಗೂಗಲ್. ನಿಯಮಗಳು ಒಳ್ಳೆಯವೇ ಇರಬಹುದು. ಹೇಳುವ ಹಕ್ಕು ಯಾರಿಗೆ ಬಂತು ಎಂಬುದು ಮುಖ್ಯ. ಕಾಗದದ ಮೇಲೆ ಇಮೇಲ್ ಇಂದಿಗೂ ಮುಕ್ತ. ಆದರೆ ಸ್ವಂತ ಸರ್ವರ್ ನಡೆಸುವವರು ಎಲ್ಲ ನಿಯಮ ಪಾಲಿಸಿದರೂ ಪತ್ರ ಸ್ಪ್ಯಾಮ್ ಫೋಲ್ಡರ್‌ಗೆ ಬಿದ್ದರೆ ಏಕೆಂದು ಹೇಳುವವರಿಲ್ಲ. ವಿಕೇಂದ್ರೀಕೃತ ಜಾಲಗಳ ಬಗ್ಗೆ ನನಗಿರುವ ದೊಡ್ಡ ಭಯ ಇದೇ.

ಮ್ಯಾಸ್ಟೊಡಾನ್ ಮೊದಲಾದವು ಆಡುವ ಭಾಷೆಯಾದ ಆಕ್ಟಿವಿಟಿಪಬ್ 2018ರ ಜನವರಿಯಲ್ಲಿ, ವೆಬ್ ನಿಯಮಗಳನ್ನು ರೂಪಿಸುವ ಡಬ್ಲ್ಯು3ಸಿ ಸಂಸ್ಥೆಯ ಮಾನಕವಾಯಿತು. ಸ್ಪ್ಯಾಮ್ ಎದುರಿಸಲು ತಾನು ಯಾವ ನಿರ್ದಿಷ್ಟ ವಿಧಾನವನ್ನೂ ಕೊಡುತ್ತಿಲ್ಲ ಎಂದು ಆ ದಾಖಲೆಯೇ ಒಪ್ಪಿಕೊಳ್ಳುತ್ತದೆ. ಹಾಗಾಗಿ ತೀರ್ಮಾನ ಪ್ರತಿ ಸರ್ವರ್‌ನ ಅಡ್ಮಿನ್‌ಗೆ ಬಿಟ್ಟದ್ದು. ಅದರಲ್ಲಿ ಶಕ್ತಿಯೂ ಇದೆ: 2019ರಲ್ಲಿ, ತೀವ್ರ ಬಲಪಂಥೀಯರ ನೆಲೆಯೆಂದು ಹೆಸರಾದ ಗ್ಯಾಬ್ ಎಂಬ ತಾಣ ಈ ಜಾಲಕ್ಕೆ ಕಾಲಿಟ್ಟಾಗ ಯಾವ ಕೇಂದ್ರದ ಅಪ್ಪಣೆಯೂ ಇಲ್ಲದೆ ಸರ್ವರ್‌ಗಳು ಒಂದೊಂದಾಗಿ ಅದರ ಸಂಪರ್ಕ ಕಡಿದುಕೊಂಡವು. ಆದರೆ ದಾಳಿ ಹೆಚ್ಚಿದಂತೆ ಅಡ್ಮಿನ್‌ಗಳು ಹಂಚಿಕೊಂಡ ನಿರ್ಬಂಧ ಪಟ್ಟಿಗಳತ್ತ ವಾಲಿದರು. ಬಿಡುವಿನ ವೇಳೆಯಲ್ಲಿ ಸರ್ವರ್ ನೋಡಿಕೊಳ್ಳುವ ಸ್ವಯಂಸೇವಕರು ಹಾಗೆ ಮಾಡಿದ್ದು ಸಹಜ. ಅಲ್ಲಿಗೆ 1997ರ ಕಥೆ ಮರುಕಳಿಸಲು ವೇದಿಕೆ ಸಿದ್ಧ.

ಬೇರೆ ಜಾಲಗಳು ಬೇರೆ ಹಾದಿ ಹಿಡಿದಿವೆ. ನಾಸ್ಟರ್ ಎಂಬ ಜಾಲದಲ್ಲಿ ಕೆಲವು ರಿಲೇಗಳು (ಸಂದೇಶ ದಾಟಿಸುವ ಸರ್ವರ್‌ಗಳು) ಹಣ ಕೇಳುತ್ತವೆ; ಸಂದೇಶ ಕಳಿಸುವ ಮುನ್ನ ಕಂಪ್ಯೂಟರ್ ಒಂದಿಷ್ಟು ಲೆಕ್ಕ ಮಾಡಿ ಬೆವರು ಸುರಿಸಬೇಕೆಂಬ ವ್ಯವಸ್ಥೆಯೂ ಇದೆ. 1992ರಲ್ಲಿ ಕಂಪ್ಯೂಟರ್ ವಿಜ್ಞಾನಿಗಳಾದ ಸಿಂಥಿಯಾ ಡ್ವರ್ಕ್ ಮತ್ತು ಮೋನಿ ನೌರ್ ಇಮೇಲ್‌ಗಾಗಿ ಮುಂದಿಟ್ಟ ಆಲೋಚನೆ ಅದು. ತೊಂದರೆಯೆಂದರೆ, ಹಳೆಯ ಫೋನಿಗೆ ಭಾರವಾಗುವ ಲೆಕ್ಕ ಸ್ಪ್ಯಾಮರ್‌ನ ಶಕ್ತಿಶಾಲಿ ಯಂತ್ರಕ್ಕೆ ಹಗುರ. ಬ್ಲೂಸ್ಕೈ ಎಂಬ ಇನ್ನೊಂದು ಸಾಮಾಜಿಕ ಜಾಲ 2024ರ ಫೆಬ್ರುವರಿವರೆಗೆ ಆಹ್ವಾನವಿದ್ದವರನ್ನಷ್ಟೇ ಒಳಗೆ ಬಿಟ್ಟುಕೊಂಡಿತು. ಮರುತಿಂಗಳು, ಯಾರು ಬೇಕಾದರೂ ಸಂದೇಶಗಳಿಗೆ ‘ಇದು ಸ್ಪ್ಯಾಮ್’ ಎಂಬಂಥ ಗುರುತುಪಟ್ಟಿ (ಲೇಬಲ್) ಅಂಟಿಸುವ, ಯಾರ ಪಟ್ಟಿ ನಂಬಬೇಕೆಂದು ಓದುಗರೇ ಆರಿಸುವ ವ್ಯವಸ್ಥೆ ತಂದಿತು. ಆಲೋಚನೆ ನನಗೆ ಹಿಡಿಸಿದೆ, ಆದರೆ ಬಹುಪಾಲು ಬಳಕೆದಾರರು ಇರುವುದು ಆ ಒಂದೇ ಕಂಪನಿಯ ಸರ್ವರ್‌ಗಳಲ್ಲಿ.

ಮ್ಯಾಸ್ಟೊಡಾನ್‌ನಲ್ಲಿ ಸರ್ವರೊಂದನ್ನು ಪೂರ್ತಿ ಕಡಿದುಹಾಕದೆ ಸೀಮಿತಗೊಳಿಸುವ ಸೌಲಭ್ಯವೂ ಇದೆ. ಹಾಗೆ ಮಾಡಿದಾಗ ಈಗಾಗಲೇ ಹಿಂಬಾಲಿಸುವವರಿಗೆ ಸಂದೇಶ ತಲುಪುತ್ತದೆ, ಉಳಿದವರ ಕಣ್ಣಿಗೆ ಬೀಳುವುದಿಲ್ಲ. ಹೊಸ, ಅಪರಿಚಿತ ಸರ್ವರ್ ಮೇಲೆ ಅನುಮಾನ ಬಂದಾಗ ಮೊದಲ ಹೆಜ್ಜೆ ಇದಾಗಬೇಕು. ಹಂಚಿಕೊಳ್ಳುವ ಪಟ್ಟಿಗಳಲ್ಲಿ ಪ್ರತಿ ಹೆಸರಿನ ಮುಂದೆ ಕಾರಣ, ಸೇರಿಸಿದ ದಿನ, ಮತ್ತೆ ಪರಿಶೀಲಿಸುವ ಗಡುವು ಇರಬೇಕು. ಗಡುವು ದಾಟಿದರೂ ಯಾರೂ ನೋಡದ ಹೆಸರು ಪಟ್ಟಿಯಿಂದ ತಾನಾಗಿಯೇ ಬಿದ್ದುಹೋಗಬೇಕು. ವಾರವಿಡೀ ಮಾಡರೇಟರ್ ಬಾರದ ಸರ್ವರ್‌ನಲ್ಲಿ ನೋಂದಣಿ ನಿಲ್ಲಿಸಲು ಸಾಧ್ಯವಾದ ತಂತ್ರಾಂಶಕ್ಕೆ ಇದೂ ಕಷ್ಟವಾಗಲಾರದು.